ಅಡ್ಡ ಗೀಟು ಹಾಕುವ ಮುನ್ನ

ನವಿ ಮುಂಬಯಿಯ ಕಾಮೋಠೆಯ ಶಶಿಕಲಾ ಎಂಬ ಹೆಣ್ಣುಮಗಳು ನಮ್ಮ ಹುಡುಗಿಯೊಬ್ಬಳ ಕೈಯಲ್ಲಿದ್ದ ಪೆನ್ನನ್ನು ಹಿಡಿದು ನಿಲ್ಲಿಸಿದ ಕಥೆ ಬರೆಯಬೇಕೆಂದು ಕೂತಿದ್ದೇನೆ. ಹೆಸರು ಬದಲಿಸಿದ್ದೇನೆ, ಊರನ್ನು ಬದಲಿಸಲು ಮನಸ್ಸಾಗಲಿಲ್ಲ. ಆಗ ಅವಳ ಹೊಟ್ಟೆಯಲ್ಲಿ ಎರಡನೆಯ ಮಗುವಿತ್ತು. ಮೊದಲನೆಯದು ಹೋಗಿಬಿಟ್ಟಿತ್ತು, ಯಾಕೆ ಹೋಯಿತೆಂದು ನಿಜವಾಗಿ ಯಾರಿಗೂ ಗೊತ್ತಿರಲಿಲ್ಲ, ಎರಡನೆಯದಾದರೂ ಉಳಿಯುತ್ತದೆಯೇ ಎಂದು ಖಚಿತವಾಗಿ ಹೇಳಬಲ್ಲವರೂ ಇರಲಿಲ್ಲ. ಜೆನೆಟಿಕ್ ಕೌನ್ಸೆಲಿಂಗ್ ಕೆಲಸಕ್ಕೆ ಈಗ ಬರುತ್ತಿರುವ ನೀವು ಆ ಪೆನ್ನಿನ ಕಥೆಯೊಂದನ್ನು ತಿಳಿದುಕೊಂಡರೆ ನನಗೆ ಸಾಕು. ಆದರೆ ಅಲ್ಲಿಗೆ ಹೋಗಬೇಕಾದರೆ ಕತ್ತರಿ ಗೋಂದಿನಿಂದ ಶುರು ಮಾಡಬೇಕು.

ಹೌದು, ಕತ್ತರಿ ಮತ್ತು ಗೋಂದು. ಮೈಸೂರಿನಲ್ಲಿ ಎಂ.ಎಸ್‌ಸಿ. ಮುಗಿಸಿ, ಮದುವೆಯಾಗಿ ಠಾಣೆಯ ನೌಪಾಡಾಕ್ಕೆ ಬಂದ ನಾನು ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಸಣ್ಣ ಲ್ಯಾಬಿಗೆ ಸೇರಿಕೊಂಡಿದ್ದೆ. ವರ್ಣತಂತುಗಳನ್ನು ಎಣಿಸುವ ಲ್ಯಾಬು ಅದು. ಎರಡು ಸಾವಿರದ ಇಸವಿ ದಾಟಿದ್ದರೂ ನಮ್ಮಲ್ಲಿ ಕಂಪ್ಯೂಟರ್ ಇದ್ದದ್ದು ಬಿಲ್ ಬರೆಯುವುದಕ್ಕೆ ಮಾತ್ರ. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಫೋಟೋ ತೆಗೆದು, ಕತ್ತಲೆ ಕೋಣೆಯಲ್ಲಿ ತೊಳೆದು, ಒಣಗಿಸಿ, ಒಂದೊಂದು ವರ್ಣತಂತುವನ್ನೂ ಉಗುರು ಕತ್ತರಿಸುವ ಕತ್ತರಿಯಲ್ಲಿ ಕತ್ತರಿಸಿ, ಜೋಡಿ ಮಾಡಿ ಕಾಗದಕ್ಕೆ ಅಂಟಿಸುತ್ತಿದ್ದೆವು. ಮಕ್ಕಳ ಕ್ರಾಫ್ಟ್ ಕ್ಲಾಸಿನ ಹಾಗೆ.

ಮೊದಲ ಸಲ ನಲವತ್ತಾರನ್ನೂ ಸಾಲಾಗಿ ಅಂಟಿಸಿ ಮುಗಿಸಿದ ದಿನ ಊಟ ಮಾಡುವುದು ಮರೆತೆ. ಎಡಗಡೆಯದು ಅಪ್ಪನದು, ಬಲಗಡೆಯದು ಅಮ್ಮನದು ಎಂದು ಗುರುತು ಹಿಡಿಯಲಿಕ್ಕೆ ಆಗುವುದಿಲ್ಲ, ಆದರೂ ಪ್ರತಿ ಜೋಡಿಯಲ್ಲೂ ಇಬ್ಬರೂ ಇದ್ದಾರೆ. ನಾನು ಎಂದೂ ನೋಡದ ಒಬ್ಬ ಮನುಷ್ಯನ ಅಪ್ಪ, ಅಮ್ಮ, ಅವರ ಅಪ್ಪ, ಅಮ್ಮ, ಎಲ್ಲರೂ ಗೋಂದು ಮೆತ್ತಿದ ನನ್ನ ಬೆರಳಿನ ಕೆಳಗೆ ಇದ್ದರು. ನಮ್ಮ ಮುಖ್ಯಸ್ಥರಾದ ಸಬನೀಸ್ ಸರ್ ಬಂದು, "ಕ್ಯಾ ಹುವಾ, ಕಮ್ ಪಡ್ ಗಯಾ ಕ್ಯಾ?" ಎಂದು ಕೇಳಿದರು. ಕಡಿಮೆಯೇನೂ ಬಿದ್ದಿಲ್ಲ ಸರ್, ಸರಿಯಾಗಿದೆ, ಅದಕ್ಕೇ ನೋಡುತ್ತಿದ್ದೇನೆ ಎಂದೆ. ಅವರು ನಗಲಿಲ್ಲ. ಕುರ್ಚಿ ಎಳೆದುಕೊಂಡು ತಾವೂ ಸ್ವಲ್ಪ ಹೊತ್ತು ನೋಡಿದರು. ಹದಿನೈದು ವರ್ಷ ಅದೇ ಕೆಲಸ ಮಾಡಿದ ಮನುಷ್ಯ.

ಆ ಕೋಣೆಯಲ್ಲಿ ಫ್ಯಾನ್ ಹಾಕುವಂತಿರಲಿಲ್ಲ. ಮೇ ತಿಂಗಳ ಠಾಣೆಯಲ್ಲಿ ಫ್ಯಾನಿಲ್ಲದೆ ಕೂರುವುದೆಂದರೆ ಏನೆಂದು ನಿಮಗೆ ಗೊತ್ತು. ಒಂದು ಮಧ್ಯಾಹ್ನ ತಡೆಯಲಾರದೆ ಒಂದೇ ಒಂದು ನಿಮಿಷ ಎಂದುಕೊಂಡು ಸ್ವಿಚ್ ಒತ್ತಿದೆ. ಕತ್ತರಿಸಿಟ್ಟಿದ್ದ ಒಂದು ಎಕ್ಸ್ ವರ್ಣತಂತು ಹಾರಿಹೋಯಿತು. ಕಲ್ಯಾಣದ ಒಬ್ಬ ಹುಡುಗಿಯದು ಆ ಫೋಟೋ. ಹೆಣ್ಣಿಗೆ ಎರಡಿರಬೇಕಾದ ಎಕ್ಸ್ ಒಂದೇ ಇದ್ದರೆ ಅವಳ ಇಡೀ ಬದುಕಿನ ಮಾತೇ ಬೇರೆಯಾಗುತ್ತದೆ. ಒಂದೇ ಕೋಶ ನೋಡಿ ಯಾರೂ ರಿಪೋರ್ಟ್ ಬರೆಯುವುದಿಲ್ಲ, ಅನಾಹುತವೇನೂ ಆಗುತ್ತಿರಲಿಲ್ಲ; ಆದರೂ ಕೆಳಗೆ ಕೂತು ಹುಡುಕತೊಡಗಿದೆ. ಇಡೀ ಲ್ಯಾಬು ಮಂಡಿಯೂರಿ ನೆಲದ ಮೇಲೆ ಹುಡುಕಿತು. ಕೊನೆಗೆ ಸರ್ ಅವರ ಚಹಾದ ಸಾಸರಿನ ಒದ್ದೆ ತಳಕ್ಕೆ ಅಂಟಿಕೊಂಡು ಆ ಎಕ್ಸ್ ಸಿಕ್ಕಿತು. "ಏಳಿ ಏಳಿ, ಹುಡುಗಿ ಪೂರ್ತಿ ಸಿಕ್ಕಿದಳು" ಎಂದು ಸರ್ ಮರಾಠಿಯಲ್ಲಿ ಕೂಗಿದರು. ಮುಂದೆ ಸಾಫ್ಟ್‌ವೇರ್ ಬಂತು, ತಾನೇ ಜೋಡಿ ಮಾಡಿ ಕೊಡತೊಡಗಿತು, ಫ್ಯಾನ್ ಏನು, ಎ.ಸಿ.ಯೇ ಬಂತು. ಒಳ್ಳೆಯದೇ ಆಯಿತು. ಆದರೆ ಒಂದು ತುಣುಕು ಕಳೆದುಹೋದರೆ ಎದೆ ಹೊಡೆದುಕೊಳ್ಳುವ ಆ ಭಯ ನಿಮಗೆ ಸಿಗಲಿಲ್ಲವಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಲ್ಯಾಬಿನವರು ಪೇಶಂಟುಗಳ ಹತ್ತಿರ ಮಾತಾಡುವಂತಿಲ್ಲ ಎಂಬುದು ಆಗಿನ ನಿಯಮ. ಗಾಜಿನ ಕಿಟಕಿಯ ಸಂದಿಯಲ್ಲಿ ರಿಪೋರ್ಟ್ ಕೊಡುವುದು, ಸಹಿ ತೆಗೆದುಕೊಳ್ಳುವುದು, ಮುಗಿಯಿತು. ಅರ್ಥ ಹೇಳುವುದು ಡಾಕ್ಟರ ಕೆಲಸ. ಡಾಕ್ಟರಿಗೆ ಪುರುಸೊತ್ತಿಲ್ಲ. ಹೀಗಿರುವಾಗ ಒಂದು ದಿನ ಉಲ್ಹಾಸನಗರದಿಂದ ಒಬ್ಬಳು ಬಂದಳು. ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ, ಸೆರಗಿಗೆ ನೀಲಿ ನೂಲಿನ ಎಳೆಗಳು ಅಂಟಿದ್ದವು, ಹೆಗಲ ಮೇಲೆ ಕೂಸು ಮಲಗಿತ್ತು. ರಿಪೋರ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕಿಟಕಿಗೆ ಬಾಯಿಟ್ಟು ಕೇಳಿದಳು:

"ಮೇಡಂ, ಪಾಸ್ ಹೈ ಕಿ ಫೇಲ್?"

ಕೂಸಿಗೆ ಡೌನ್ ಸಿಂಡ್ರೋಮ್. ಇಪ್ಪತ್ತೊಂದನೆಯ ಜೋಡಿಯಲ್ಲಿ ಎರಡರ ಬದಲು ಮೂರನ್ನು ನಾನೇ ಹಿಂದಿನ ವಾರ ಅಂಟಿಸಿದ್ದೆ. ಡಾಕ್ಟರ ಹತ್ತಿರ ಹೋಗಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದೆ ನಿಂತಿದ್ದ ಸಬನೀಸ್ ಸರ್ ಬಾಗಿಲು ತೆಗೆದು ಅವಳನ್ನು ಒಳಗೆ ಕರೆದು ತಮ್ಮ ಕುರ್ಚಿಯಲ್ಲೇ ಕೂರಿಸಿದರು. ನನ್ನ ಕಡೆ ತಿರುಗಿ, "ಅಂಟಿಸುವುದು ಮುಗಿಯಿತಲ್ಲ ವಸುಧಾ, ಈಗ ಕೆಲಸ ಮಾಡು" ಎಂದು ಹೇಳಿ ಹೊರಟುಹೋದರು.

ನಾನು ಮೈಸೂರಿನ ಪಾಠ ಒಪ್ಪಿಸುವ ಹುಡುಗಿ. ಕಾಗದದ ಮೇಲೆ ಚಿತ್ರ ಬರೆದೆ, ಕೋಶ ಹೇಗೆ ಒಡೆಯುತ್ತದೆ, ಒಂದು ವರ್ಣತಂತು ಹೇಗೆ ಹೆಚ್ಚಾಗಿ ಬಂತು, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ ಎಂದು ನನ್ನ ಒಡ್ಡೊಡ್ಡು ಹಿಂದಿಯಲ್ಲಿ ಹೇಳಿದ್ದೇ ಹೇಳಿದ್ದು. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು: "ಬಡಾ ಹೋಕೆ ಮುಝೆ ಪೆಹಚಾನೇಗಾ ನಾ?"

ದೊಡ್ಡವನಾದ ಮೇಲೆ ನನ್ನ ಗುರುತು ಹಿಡಿಯುತ್ತಾನಲ್ಲ? ಇಷ್ಟೇ ಅವಳಿಗೆ ಬೇಕಾಗಿದ್ದದ್ದು. ಖಂಡಿತ ಹಿಡಿಯುತ್ತಾನೆ, ಎಲ್ಲರಿಗಿಂತ ಮೊದಲು ನಿನ್ನನ್ನೇ ಹಿಡಿಯುತ್ತಾನೆ ಎಂದೆ. ಅವಳ ಮುಖ ನೋಡಬೇಕಿತ್ತು ನೀವು. ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಬ್ಲೌಸಿನೊಳಗೆ ತುರುಕಿಕೊಂಡು, ಕೂಸನ್ನು ಹೆಗಲು ಬದಲಿಸಿ ಎದ್ದು ಹೋದಳು. ನಾನು ಚಿತ್ರ ಬರೆದಿದ್ದ ಕಾಗದ ಮೇಜಿನ ಮೇಲೆಯೇ ಇತ್ತು. ಜನ ಇಷ್ಟು ದೊಡ್ಡ ಮಾತನ್ನು ಇಷ್ಟು ಸಣ್ಣ ಪ್ರಶ್ನೆಯಲ್ಲಿ ಹಿಡಿಯುತ್ತಾರಲ್ಲ ಎಂಬ ಬೆರಗು ಅವತ್ತು ಹತ್ತಿದ್ದು, ಇವತ್ತಿಗೂ ಬಿಟ್ಟಿಲ್ಲ.

ಹೀಗೆ ಗಾಜಿನ ಕಿಟಕಿ ದಾಟಿ ಪೇಶಂಟುಗಳ ಕಡೆಗೆ ಬಂದ ನಾನು ಮತ್ತೆ ಪೂರ್ತಿಯಾಗಿ ಒಳಗೆ ಹೋಗಲಿಲ್ಲ. ಅಲ್ಲಿ ಇಲ್ಲಿ ತರಬೇತಿ ಪಡೆದೆ, ಪರೀಕ್ಷೆ ಬರೆದೆ. ಕೆಲವು ವರ್ಷಗಳ ನಂತರ ನವಿ ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ವಂಶದಲ್ಲಿ ಇಳಿದು ಬರುವ ಕಾಯಿಲೆಗಳ ಬಗ್ಗೆ ಮನೆಯವರಿಗೆ ತಿಳಿಹೇಳುವ ಜೆನೆಟಿಕ್ ಕೌನ್ಸೆಲರುಗಳನ್ನು ತಯಾರು ಮಾಡುವ ಕೋರ್ಸು ಶುರುವಾದಾಗ ಕಲಿಸಲು ನನ್ನನ್ನು ಕರೆದರು. ನೌಪಾಡಾದಿಂದ ದಿನಾ ಟ್ರಾನ್ಸ್-ಹಾರ್ಬರ್ ಲೋಕಲ್ ರೈಲು. ನಮಗೆ ಕೊಟ್ಟ ಕೋಣೆ ಡಯಟಿಶಿಯನ್ ಮತ್ತು ಸ್ಟೋರ್ ರೂಮಿನ ನಡುವೆ. ಬಾಗಿಲಿಗೆ 'ಕೌನ್ಸೆಲಿಂಗ್' ಎಂಬ ಬೋರ್ಡು ಹಾಕಿದರು, ಜೆನೆಟಿಕ್ ಎಂದು ಬರೆದರೆ ಜನ ಹೆದರುತ್ತಾರಂತೆ. ಜನ ಹೆದರಲಿಲ್ಲ. ಗಂಡ-ಹೆಂಡಿರ ಜಗಳ ಬಿಡಿಸಿಕೊಳ್ಳಲು ಬಂದರು. ಜೂನ್ ತಿಂಗಳಲ್ಲಿ ಮಕ್ಕಳ ಹನ್ನೆರಡನೆಯ ಕ್ಲಾಸಿನ ಮಾರ್ಕ್ಸ್‌ಶೀಟ್ ಹಿಡಿದುಕೊಂಡು ಎಂಜಿನಿಯರಿಂಗ್ ಸೀಟಿನ ಕೌನ್ಸೆಲಿಂಗ್ ಇದೇನಾ ಎಂದು ಬಂದರು. ಖಾರ್‌ಘರ್‌ನ ಒಬ್ಬ ಅಪ್ಪನಿಗೆ ಕೋರ್ಸಿನ ನಮ್ಮ ಹುಡುಗಿಯರು ಸಿವಿಲ್ಲಿಗಿಂತ ಮೆಕ್ಯಾನಿಕಲ್ ಒಳ್ಳೆಯದು ಎಂದು ಹೇಳಿ ಕಳಿಸಿದ್ದೂ ಉಂಟು.

ಡಾಕ್ಟರುಗಳಿಗೂ ನಾವು ಏನೆಂದು ಗೊತ್ತಿರಲಿಲ್ಲ. ಹೆರಿಗೆ ವಿಭಾಗದ ಮುಖ್ಯಸ್ಥೆ ಗುಪ್ತೆ ಮೇಡಂ ಒಳ್ಳೆಯ ಕೈಗುಣದ ಡಾಕ್ಟರು, ಪನವೇಲಿನ ಆಚೆಯಿಂದಲೂ ಅವರನ್ನು ಹುಡುಕಿಕೊಂಡು ಬಸುರಿಯರು ಬರುತ್ತಿದ್ದರು. ನಾಲಿಗೆ ಮಾತ್ರ ಖಾರ. "ವಸುಧಾಬಾಯಿ, ತುಮ್ಹಾರಿ ಲಡ್‌ಕಿಯಾ ಪೇಶಂಟ್ ಕೋ ರುಲಾತಿ ಹೈ, ಫಿರ್ ಮುಝೆ ಬಿ.ಪಿ. ದೇಖ್‌ನಾ ಪಡ್ತಾ ಹೈ" ಎನ್ನುತ್ತಿದ್ದರು, ನಿಮ್ಮ ಹುಡುಗಿಯರು ಪೇಶಂಟುಗಳನ್ನು ಅಳಿಸುತ್ತಾರೆ, ಆಮೇಲೆ ಬಿ.ಪಿ. ನೋಡುವ ಪಾಡು ನನ್ನದು ಎಂದು. ರಕ್ತಪರೀಕ್ಷೆಯ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿಸುವುದು ನಮ್ಮ ಕೆಲಸ ಎಂದು ಅವರ ತಿಳಿವಳಿಕೆ. ಗುರುವಾರ ಬೆಳಗ್ಗೆ ಅವರ ಕೋಣೆಯಲ್ಲಿ ಕಷ್ಟದ ಕೇಸುಗಳ ಚರ್ಚೆ ನಡೆಯುತ್ತಿತ್ತು. ಡಾಕ್ಟರುಗಳಿಗೆ ಕುರ್ಚಿ, ನಮಗೆ ಬಾಗಿಲ ಪಕ್ಕದ ಗೋಡೆ. ಕೇಳಿಸಿಕೊಳ್ಳಬಹುದು, ಮಾತಾಡುವಂತಿಲ್ಲ.

ಅಂಕಿತಾ ನಮ್ಮ ಮೂರನೆಯ ಬ್ಯಾಚಿನವಳು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು, ತಂದೆ ತಾಯಿ ಕಾರ್ಕಳದ ಕಡೆಯ ಬಂಟರು, ತಂದೆ ಸ್ಟೇಶನ್ ಹತ್ತಿರದ ಹೋಟೆಲಿನಲ್ಲಿ ಮ್ಯಾನೇಜರ್. ಕನ್ನಡದ ಹುಡುಗಿ ಸಿಕ್ಕಿದಳೆಂದು ನಾನು ಹಿಗ್ಗಿ ಕನ್ನಡದಲ್ಲಿ ಮಾತಾಡಿದರೆ ಅವಳು ಹಿಂದಿಯಲ್ಲೇ ಉತ್ತರ ಕೊಡುತ್ತಿದ್ದಳು. ಮನೆಯಲ್ಲಿ ತುಳು ಅಲ್ಲವೇನಮ್ಮ ಎಂದರೆ, "ಸಮಝ್ ಮೇ ಆತಾ ಹೈ ಮ್ಯಾಮ್, ಬೋಲ್ನೇ ಮೇ ಶರಮ್ ಆತಿ ಹೈ" ಎಂದು ನಕ್ಕುಬಿಡುತ್ತಿದ್ದಳು, ಅರ್ಥವಾಗುತ್ತದೆ, ಮಾತಾಡಲು ನಾಚಿಕೆ ಎಂದು. ಓದಿನಲ್ಲಿ ಚುರುಕು, ಕೈಬರಹ ಮುತ್ತು. ವಂಶದ ಚಿತ್ರ ಬರೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಈ ಚಿತ್ರವೇ ನಮ್ಮ ಕೆಲಸದ ಅ ಆ ಇ ಈ ಎಂಬುದು ನಿಮಗೆ ಗೊತ್ತು, ಹೊರಗಿನವರಿಗಾಗಿ ಹೇಳುತ್ತೇನೆ. ಮೂರು ತಲೆಮಾರಿನವರನ್ನು ಒಂದು ಹಾಳೆಯ ಮೇಲೆ ಬರೆಯಬೇಕು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಹೊಟ್ಟೆಯಲ್ಲಿರುವ ಮಗುವಿಗೆ ವಜ್ರದ ಆಕಾರ, ಏಕೆಂದರೆ ಗಂಡೋ ಹೆಣ್ಣೋ ಎಂದು ನಾವು ಹೇಳುವಂತಿಲ್ಲ. ಗಂಡ-ಹೆಂಡತಿಯ ನಡುವೆ ಒಂದು ಗೆರೆ, ಮದುವೆಗೆ ಮೊದಲೇ ರಕ್ತಸಂಬಂಧವಿದ್ದರೆ ಜೋಡಿ ಗೆರೆ. ತೀರಿಹೋದವರ ಮೇಲೆ ಒಂದು ಅಡ್ಡ ಗೀಟು.

ಶಶಿಕಲಾ ಬಂದದ್ದು ಮೂರನೆಯ ತಿಂಗಳು ಹತ್ತಿರವಾದಾಗ, ಬಸುರಿಯರಿಗೆಲ್ಲ ಮಾಡುವ ಮಾಮೂಲಿ ರಕ್ತಪರೀಕ್ಷೆಯ ಸಹಿಗಾಗಿ. ಬೇಲಾಪುರದ ಒಂದು ಆಫೀಸಿನಲ್ಲಿ ಕೆಲಸ. ಜೊತೆಗೆ ಗಂಡ ಜಯರಾಮ, ಪನವೇಲಿನಲ್ಲಿ ಕ್ಯಾಟರಿಂಗ್ ನಡೆಸುವವನು. ಇಬ್ಬರೂ ಉಡುಪಿ ಕಡೆಯ ಬಂಟರು. ಅಂಕಿತಾ ಹಿಂದಿಯಲ್ಲಿ ಕೇಳುತ್ತಾ ಬರೆಯುತ್ತಾ ಹೋದಳು. ನಾನು ಪಕ್ಕದ ಮೇಜಿನಲ್ಲಿ ಕಿವಿ ತೆರೆದು ಕೂತಿದ್ದೆ. ಮದುವೆಗೆ ಮೊದಲು ನೀವಿಬ್ಬರೂ ಸಂಬಂಧಿಕರೇ ಎಂದು ಕೇಳಿದಳು. ಇಬ್ಬರೂ ಒಟ್ಟಿಗೇ ಇಲ್ಲ ಎಂದರು. ಒಂದೇ ಗೆರೆ ಎಳೆದಳು. ಮೊದಲನೆಯ ಮಗುವಿನ ವಿಷಯ ಬಂತು. ಗಂಡು ಮಗು, ಐದು ತಿಂಗಳಿಗೆ ನ್ಯುಮೋನಿಯಾದಲ್ಲಿ ಹೋಯಿತೆಂದು ಜಯರಾಮ ಹೇಳಿದ. ಗುಪ್ತೆ ಮೇಡಂ ಅವರ ಫೈಲಿನಲ್ಲೂ ಅದೇ ಇತ್ತು. ಮೊದಲನೆಯದು ಆಕಸ್ಮಿಕ, ಈ ಸಲ ಹಾಗಾಗುವುದಿಲ್ಲ ಎಂದು ಅವರು ಧೈರ್ಯ ಹೇಳಿ ಕಳಿಸಿದ್ದರು.

ಅಂಕಿತಾ ಚೌಕ ಬರೆದಳು. ಅಡ್ಡ ಗೀಟು ಎಳೆಯಲು ಪೆನ್ನು ಎತ್ತಿದಳು. ಅದುವರೆಗೂ ತಲೆ ತಗ್ಗಿಸಿ ಕೂತಿದ್ದ ಶಶಿಕಲಾ ಥಟ್ಟನೆ ಕೈಚಾಚಿ ಪೆನ್ನು ಹಿಡಿದುಕೊಂಡಳು.

"ಬೇಡ. ಅವನ ಮೇಲೆ ಗೀಟು ಹಾಕ್ಬೇಡಿ."

ಹಿಂದಿಯಲ್ಲಿ ನಡೆಯುತ್ತಿದ್ದ ಮಾತು ಕನ್ನಡಕ್ಕೆ ಬಂದದ್ದು ಅವಳಿಗೇ ಗೊತ್ತಾಗಲಿಲ್ಲವೇನೋ. ಜಯರಾಮ ಮುಜುಗರದಿಂದ, "ಅದು ಅವರ ಕ್ರಮ ಮಾರಾಯ್ತಿ, ಹಾಕ್ಲಿ" ಎಂದ. ಅವಳು ಬಿಡಲಿಲ್ಲ. ಪಾಠದಲ್ಲಿ ಇಂಥದ್ದು ಎಲ್ಲೂ ಬರೆದಿಲ್ಲ. ಅಂಕಿತಾ ನನ್ನ ಕಡೆ ನೋಡಿದಳು. ನನಗೂ ಏನು ತೋಚಬೇಕು? ಅಂಕಿತಾ ಪೆನ್ನನ್ನು ಅವಳ ಕೈಯಲ್ಲೇ ಬಿಟ್ಟಳು, ಹಾಳೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, ನಾನು ಎಂದೂ ಕೇಳದಿದ್ದ ಅವಳ ತುಳು ಹೊರಬಂತು. ಒಡಕು ತುಳು, ನಡುನಡುವೆ ಹಿಂದಿ. ಆದರೆ ಶಶಿಕಲಾಳ ಭುಜ ಸಡಿಲವಾದದ್ದು ನನಗೆ ಕಾಣಿಸಿತು.

ನನಗೆ ತುಳು ಬಾರದು. ಅವತ್ತು ನಡೆದ ಮಾತನ್ನು ಅಂಕಿತಾ ಆಮೇಲೆ ಹೇಳಿದ ಹಾಗೆ ಬರೆಯುತ್ತಿದ್ದೇನೆ. ಮುಂದಿನ ತಿಂಗಳು ಅಂಕಿತಾಳ ಅಕ್ಕನ ಮದುವೆ, ಡೊಂಬಿವಲಿಯ ಹಾಲ್‌ನಲ್ಲಿ. ದುಬೈಯಲ್ಲಿರುವ ಸೋದರಮಾವನಿಗೆ ರಜೆ ಸಿಕ್ಕಿಲ್ಲ, ಮದುಮಗಳ ಪಕ್ಕದಲ್ಲಿ ಯಾರು ನಿಲ್ಲಬೇಕೆಂದು ಮನೆಯಲ್ಲಿ ದಿನಾ ರಾಮಾಯಣ. ಬಂಟರಲ್ಲಿ ತಾಯಿಯ ಅಣ್ಣತಮ್ಮಂದಿರಿಗೇ ಮದುವೆಮನೆಯಲ್ಲಿ ಮೊದಲ ಮರ್ಯಾದೆ. ಇದನ್ನು ಹೇಳಿಕೊಂಡು ಅಂಕಿತಾ ಸುಮ್ಮನೆ ಮಾತಿಗೆಂದು ಕೇಳಿದಳು: "ನಿಮ್ಮ ಮದುವೆಯಲ್ಲಿ ಸೋದರಮಾವ ಯಾರು ನಿಂತದ್ದು ಅಕ್ಕ?"

"ಸಣ್ಣ ಮಾವ" ಎಂದಳು ಶಶಿಕಲಾ. "ದೊಡ್ಡ ಮಾವ ನಿಲ್ಬೇಕಿತ್ತು. ಆದ್ರೆ ಅವರು ಹೇಗೆ ನಿಲ್ಲುದು? ಅವರು ಗಂಡಿನ ಅಪ್ಪ ಅಲ್ವಾ!"

ಹೇಳಿ ಅವಳು ನಕ್ಕಳು. ಜಯರಾಮನೂ ನಕ್ಕ. ಅಂಕಿತಾ ಮಾತ್ರ ನಗದೆ, ನನ್ನ ಕಡೆ ತಿರುಗಿ ಆ ಮಾತನ್ನು ಹಿಂದಿಯಲ್ಲಿ ಹೇಳಿದಳು.

ಗಂಡಿನ ಅಪ್ಪ ಹೆಣ್ಣಿನ ತಾಯಿಯ ಸ್ವಂತ ಅಣ್ಣ. ಹಾಗಾದರೆ ಮೊದಲೇ ಕೇಳಿದಾಗ ಸಂಬಂಧವಿಲ್ಲ ಎಂದದ್ದೇಕೆ? ನಾನು ಕನ್ನಡದಲ್ಲಿ ಕೇಳಿದೆ. ಜಯರಾಮನಿಗೆ ಸ್ವಲ್ಪ ಸಿಟ್ಟೇ ಬಂತು.

"ಸಂಬಂಧ ಎಲ್ಲಿ ಉಂಟು ಮೇಡಂ? ಅವಳ ಬಳಿ ಬೇರೆ, ನನ್ನ ಬಳಿ ಬೇರೆ. ಒಂದೇ ಬಳಿ ಆದ್ರೆ ನಮ್ಮಲ್ಲಿ ಮದುವೆಯೇ ಆಗ್ಲಿಕ್ಕಿಲ್ಲ. ನಾನು ನನ್ನ ಅಮ್ಮನ ಬಳಿ, ಅವಳು ಅವಳ ಅಮ್ಮನ ಬಳಿ. ಎಲ್ಲ ನೋಡಿಯೇ ಹಿರಿಯರು ಮಾಡಿದ್ದು."

ಬಳಿ ಎಂದರೆ ತಾಯಿಯಿಂದ ಮಕ್ಕಳಿಗೆ ಇಳಿದು ಬರುವ ಕುಲ. ಅಪ್ಪನಿಂದ ಬರುವುದಿಲ್ಲ. ದೊಡ್ಡ ಮಾವ ಶಶಿಕಲಾಳ ಬಳಿಯವರೇ, ಆದರೆ ಅವರ ಮಗ ಅವರ ಬಳಿಯವನಲ್ಲ. ಆ ಲೆಕ್ಕದಲ್ಲಿ ಗಂಡ-ಹೆಂಡತಿ ನಿಜವಾಗಿಯೂ ಬೇರೆ ಬೇರೆ. ಅವರು ಸುಳ್ಳು ಹೇಳಿರಲಿಲ್ಲ, ಮುಚ್ಚಿಟ್ಟಿರಲಿಲ್ಲ. ನೂರಾರು ವರ್ಷದಿಂದ ಒಂದು ಸಮಾಜ ಅಷ್ಟು ಜನರನ್ನು ಬಾಯಿಲೆಕ್ಕದಲ್ಲೇ ಇಟ್ಟುಕೊಂಡು ಬಂದಿದೆ, ಎಲ್ಲೂ ತಪ್ಪಿಲ್ಲ. ನಾನು ಗೋಂದು ಹಚ್ಚಿ ಜೋಡಿ ಮಾಡಿದ್ದಕ್ಕಿಂತ ಅಚ್ಚುಕಟ್ಟಾದ ಲೆಕ್ಕ. ಆದರೆ ವರ್ಣತಂತುಗಳಿಗೆ ಬಳಿ ಗೊತ್ತಿಲ್ಲ, ಅವು ಎರಡೂ ಕಡೆಯಿಂದ ಇಳಿಯುತ್ತವೆ. ಮೈಸೂರಿನಲ್ಲಿ ಅಕ್ಕನ ಮಗಳನ್ನು ಮದುವೆಯಾಗುವುದನ್ನು ನೋಡಿಕೊಂಡೇ ಬೆಳೆದ ನನಗೆ ಸೋದರಿಕೆಯ ಮದುವೆ ಎಲ್ಲ ಗೊತ್ತೆಂಬ ಜಂಬವಿತ್ತು. ಅವತ್ತು ಇಳಿಯಿತು.

ಇಲ್ಲಿ ಒಂದು ಮಾತು ನಿಮಗೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದವರನ್ನು ಕಂಡು ಹುಬ್ಬು ಏರಿಸಬೇಡಿ. ಏರಿಸಿದಿರೋ, ಅವರು ಮುಂದೆ ಬಾಯಿಯೇ ಬಿಡುವುದಿಲ್ಲ. ಅಂಕಿತಾ ಹುಬ್ಬು ಏರಿಸಲಿಲ್ಲ. ತನ್ನ ಅಪ್ಪ ಅಮ್ಮನೂ ಹಾಗೇ ಎಂದು ಹೇಳಿ, ಆಮೇಲೆ ಮೆಲ್ಲಗೆ ಕೇಳಿದಳು: "ಮಗುವಿನ ಹೆಸರು ಎಂತ ಅಕ್ಕ?"

"ಅದ್ವಿತ್" ಎಂದಳು ಶಶಿಕಲಾ. ಅವನು ಹೋದ ಮೇಲೆ ಯಾವ ಆಸ್ಪತ್ರೆಯಲ್ಲೂ ಯಾರೂ ಹೆಸರು ಕೇಳಿರಲಿಲ್ಲವಂತೆ. ಆಮೇಲೆ ಅವಳು ತಡೆಯಿಲ್ಲದೆ ಮಾತಾಡಿದಳು. ಎತ್ತಿಕೊಂಡರೆ ಒದ್ದೆ ಬಟ್ಟೆಯ ಹಾಗೆ ಕೈಯಿಂದ ಜಾರುತ್ತಿದ್ದ. ಕತ್ತು ನಿಲ್ಲಲೇ ಇಲ್ಲ. ಕಾಲು ಆಡಿಸುತ್ತಿರಲಿಲ್ಲ. ಅಳು ಬೆಕ್ಕಿನ ಮರಿಯಷ್ಟು ಸಣ್ಣ. "ಆದ್ರೆ ಕಣ್ಣು ಉಂಟಲ್ಲ ಮೇಡಂ, ಕಣ್ಣು ಮಾತ್ರ ಎಲ್ಲ ಕಡೆ ನೋಡ್ತಿತ್ತು. ನಾನು ಅಡುಗೆಮನೆಗೆ ಹೋದ್ರೆ ಅಲ್ಲಿ, ಬಾಗಿಲಿಗೆ ಹೋದ್ರೆ ಅಲ್ಲಿ. ನಗ್ತಿದ್ದ. ಅಷ್ಟು ಬುದ್ಧಿ ಇತ್ತು ಅವನಿಗೆ."

ಸೋತ ಮೈ, ಹೊಳೆಯುವ ಕಣ್ಣು. ಬೆನ್ನುಹುರಿಯಿಂದ ಸ್ನಾಯುಗಳಿಗೆ ಹೋಗುವ ನರಗಳು ಒಂದೊಂದಾಗಿ ಆರುವ ಒಂದು ಕಾಯಿಲೆ ಇದೆ, ಅದರ ಮಕ್ಕಳು ಹೀಗೆಯೇ ಇರುತ್ತಾರೆ. ತಂದೆ ತಾಯಿ ಇಬ್ಬರಲ್ಲೂ ಒಂದು ಜೀನಿನ ಒಂದೊಂದು ಕೆಟ್ಟ ಪ್ರತಿ ಅಡಗಿ ಕೂತಿದ್ದು, ಮಗುವಿಗೆ ಎರಡೂ ಬಂದರೆ ಬರುವ ಕಾಯಿಲೆ. ಸೋದರಿಕೆ ಇಲ್ಲದವರಲ್ಲೂ ಬರುತ್ತದೆ. ಒಂದೇ ಅಜ್ಜ-ಅಜ್ಜಿಯ ಮೊಮ್ಮಕ್ಕಳಾದರೆ ಅನುಮಾನ ಗಟ್ಟಿಯಾಗುತ್ತದೆ. ನಿಜವಾದರೆ ಹೊಟ್ಟೆಯಲ್ಲಿರುವ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಪರೀಕ್ಷೆ ಮಾಡಿ ತಿಳಿದುಕೊಳ್ಳಲು ಇರುವ ಸಮಯ ಸ್ವಲ್ಪವೇ.

ಮರುದಿನವೇ ಗುರುವಾರ. ಗೋಡೆಗೆ ಒರಗಿ ನಿಂತಿದ್ದ ಅಂಕಿತಾ, ಚರ್ಚೆ ಮುಗಿದು ಎಲ್ಲರೂ ಏಳುವಾಗ ಬಾಯಿ ತೆರೆದಳು. ನಾನು ಹೇಳಿಕೊಟ್ಟಿರಲಿಲ್ಲ. ಗುಪ್ತೆ ಮೇಡಂ ಫೈಲು ತಿರುವಿ, "ನ್ಯುಮೋನಿಯಾ ಲಿಖಾ ಹೈ" ಎಂದರು.

"ಮ್ಯಾಮ್, ನ್ಯುಮೋನಿಯಾ ಸೇ ಗಯಾ, ವೋ ಸಹಿ ಹೈ. ಲೇಕಿನ್ ಪಾಂಚ್ ಮಹಿನಾ ಪೈರ್ ಕ್ಯೂ ನಹೀ ಹಿಲಾಯಾ?"

ನ್ಯುಮೋನಿಯಾದಿಂದ ಹೋದದ್ದು ಸರಿ, ಆದರೆ ಐದು ತಿಂಗಳು ಕಾಲನ್ನೇಕೆ ಆಡಿಸಲಿಲ್ಲ ಎಂಬ ಪ್ರಶ್ನೆಗೆ ಏಳುತ್ತಿದ್ದವರು ಮತ್ತೆ ಕೂತರು. ಅವಳು ಕಣ್ಣಿನ ಮಾತು ಹೇಳಿದಳು, ದೊಡ್ಡ ಮಾವನ ಮಾತು ಹೇಳಿದಳು. ಗುಪ್ತೆ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಇವತ್ತು ನಮ್ಮ ಕೋರ್ಸಿಗೇ ಬೀಗ ಎಂದುಕೊಂಡೆ. "ಮಾಮಾಚೀ ಮುಲ್ಗೀ ತರ್ ಆಮ್ಚ್ಯಾತ್ ಪಣ್ ಕರ್ತಾತ್" ಎಂದರು ಅವರು, ಮಾವನ ಮನೆಯ ಸಂಬಂಧ ನಮ್ಮಲ್ಲೂ ಮಾಡುತ್ತಾರೆ ಎಂದು. "ನಾನು ಕೇಳಲೇ ಇಲ್ಲವಲ್ಲ. ಇಬ್ಬರ ರಕ್ತವನ್ನೂ ಇವತ್ತೇ ಕಳಿಸಿ." ಅವರು ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು ಅಂಕಿತಾಳನ್ನು ಮೇಲಿಂದ ಕೆಳಗೆ ನೋಡಿದರು. "ಕಾಯ್ ಗ, ಉಭೀ ಕಾ? ಪುಢಚ್ಯಾ ವೇಳೇಲಾ ಖುರ್ಚಿ ಘೇ." ಯಾಕಮ್ಮ ನಿಂತಿದ್ದೀಯ, ಮುಂದಿನ ಸಲ ಕುರ್ಚಿ ತೊಗೋ. ಇಷ್ಟೇ. ನಮ್ಮನ್ನು ತಂಡದೊಳಗೆ ಸೇರಿಸಿಕೊಂಡ ಆದೇಶವೆಂದರೆ ಅದೊಂದೇ. ಮೇಲಿನವರಿಂದ ಕಾಗದ ಬಂದದ್ದು ಅದೆಷ್ಟೋ ಕಾಲದ ನಂತರ.

ರಕ್ತದ ಫಲಿತಾಂಶ ನಾವು ಹೆದರಿದಂತೆಯೇ ಬಂತು. ಇಬ್ಬರೂ ವಾಹಕರು, ತಮಗೆ ಕಾಯಿಲೆ ಇಲ್ಲದಿದ್ದರೂ ಕೆಟ್ಟ ಪ್ರತಿ ಒಂದೊಂದು ಇಬ್ಬರಲ್ಲೂ ಇತ್ತು. ಅಂಕಿತಾ ಗಂಡ-ಹೆಂಡತಿಯ ನಡುವಿನ ಗೆರೆಯ ಪಕ್ಕ ಇನ್ನೊಂದು ಗೆರೆ ಎಳೆದಳು. ಚೌಕದಲ್ಲಿ ಅರ್ಧ, ವೃತ್ತದಲ್ಲಿ ಅರ್ಧ ಕಪ್ಪು ತುಂಬಿದಳು. ಈಗ ಗರ್ಭದ ಕೋಶಗಳನ್ನು ಸೂಜಿಯಿಂದ ತೆಗೆದು ನೋಡಬಹುದು, ನೋಡದೆಯೂ ಇರಬಹುದು. ಸೂಜಿಯಿಂದ ಗರ್ಭಕ್ಕೆ ಸಣ್ಣ ಅಪಾಯವೂ ಇದೆ. ನೋಡಿದರೆ, ಆಮೇಲೆ ಏನೆಂಬ ಪ್ರಶ್ನೆ ಎದುರಿಗೆ ಬರುತ್ತದೆ. ಎಲ್ಲವನ್ನೂ ಅಂಕಿತಾ ಹೇಳಿದಳು. ಜಯರಾಮ ಕೈಕಟ್ಟಿ ಕೂತಿದ್ದ. ಸೂಜಿ ಎಂದಾಗಲೇ ಅವನ ಮುಖ ಬಿಳುಚಿತ್ತು.

"ನೀನು ನನ್ನ ತಂಗಿಯ ಹಾಗೆ" ಎಂದಳು ಶಶಿಕಲಾ. "ನೀನೇ ಹೇಳು. ನಿನಗೆ ಹೀಗಾದ್ರೆ ಎಂತ ಮಾಡ್ತಿದ್ದೆ?"

ಈ ಪ್ರಶ್ನೆ ನಿಮಗೆ ಮೊದಲ ವಾರದಲ್ಲೇ ಎದುರಾಗುತ್ತದೆ. ಉತ್ತರ ನಾಲಿಗೆಯ ತುದಿಗೆ ಬಂದಿರುತ್ತದೆ. ಹೇಳಬಾರದು. ಹೇಳಿದರೆ ಅವರ ಭಾರ ಇಳಿದಂತೆ ಕಾಣುತ್ತದೆ, ಆದರೆ ಆ ಬದುಕನ್ನು ಬದುಕಬೇಕಾದವರು ನೀವಲ್ಲ. ಅಂಕಿತಾ ಹೇಳಲಿಲ್ಲ. ಶಶಿಕಲಾಳ ಕಣ್ಣು ಕೆಂಪಗಾಯಿತು.

"ಅದನ್ನೂ ಹೇಳ್ಲಿಕ್ಕಾಗದಿದ್ರೆ ನೀವೆಲ್ಲ ಇಲ್ಲಿ ಇರುದು ಎಂತಕ್ಕೆ?"

ಅಂಕಿತಾ ತನಗೆ ಬರುವಷ್ಟು ಕನ್ನಡದಲ್ಲಿ ಹೇಳಿದಳು: "ನೀವು ಹೂಂ ಹೇಳಿದ್ರೂ ನಾನು ಇಲ್ಲೇ ಇರ್ತೇನೆ ಅಕ್ಕ. ಬೇಡ ಹೇಳಿದ್ರೂ ಇಲ್ಲೇ ಇರ್ತೇನೆ. ಅದಕ್ಕೆ."

ನಾನು ವರ್ಷಗಟ್ಟಲೆ ಪಾಠ ಮಾಡಿ ಹೇಳಲಾಗದ್ದನ್ನು ಹುಡುಗಿ ಎರಡು ಮಾತಿನಲ್ಲಿ ಹೇಳಿಬಿಟ್ಟಳು. ಶಶಿಕಲಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಗಂಡನ ಕಡೆ ತಿರುಗಿದಳು. "ಅವನು ಉಸಿರಿಗೆ ಒದ್ದಾಡಿದ್ದನ್ನು ನೋಡಿದವಳು ನಾನು. ಈ ಸಲ ನಂಗೆ ಮೊದಲೇ ಗೊತ್ತಾಗ್ಬೇಕು. ಆಮೇಲಿಂದು ಆಮೇಲೆ ನೋಡುವ." ಜಯರಾಮ ಬೇಡವೆನ್ನುತ್ತಾನೆ ಎಂದುಕೊಂಡಿದ್ದೆ. ಅವನು ಅವಳ ಪರ್ಸನ್ನು ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡು, "ಯಾವ ಕೋಣೆಗೆ ಹೋಗ್ಬೇಕು?" ಎಂದು ಕೇಳಿದ.

ಸೂಜಿ ಹಿಡಿದದ್ದು ಗುಪ್ತೆ ಮೇಡಂ. ಅಂಕಿತಾ ಶಶಿಕಲಾಳ ತಲೆಯ ಹತ್ತಿರ ನಿಂತಿದ್ದಳು. ಮೇಡಂ ಅವರೇ ನಿಲ್ಲಲು ಹೇಳಿದ್ದರು. ಫಲಿತಾಂಶಕ್ಕಾಗಿ ಕಾದ ದಿನಗಳಲ್ಲಿ ಶಶಿಕಲಾ ಆಫೀಸಿನಿಂದ ಊಟದ ಹೊತ್ತಿಗೆ ಫೋನು ಮಾಡುತ್ತಿದ್ದಳು. ರಿಪೋರ್ಟ್ ಬಂತಾ ಎಂದು ಒಮ್ಮೆಯೂ ಕೇಳಲಿಲ್ಲ. ಅಂಕಿತಾಳ ಅಕ್ಕನ ಸೀರೆ ಯಾವುದು, ದುಬೈ ಮಾವನಿಗೆ ರಜೆ ಸಿಕ್ಕಿತಾ ಎಂದು ಕೇಳುತ್ತಿದ್ದಳು. ಅಂಕಿತಾ ತುಳುವಿನಲ್ಲಿ ಉತ್ತರಿಸುತ್ತಿದ್ದಳು. ದಿನದಿಂದ ದಿನಕ್ಕೆ ತುಳು ಚೆನ್ನಾಗುತ್ತಾ ಬಂದದ್ದು ನನ್ನಂಥ ಬಾರದವಳ ಕಿವಿಗೂ ಗೊತ್ತಾಗುತ್ತಿತ್ತು.

ಈಗ ನಿಮ್ಮ ಕಾಲದ ಯಂತ್ರಗಳು ಒಬ್ಬ ಮನುಷ್ಯನ ಡಿ.ಎನ್.ಎ.ಯ ಅಕ್ಷರ ಅಕ್ಷರವನ್ನೂ ಓದಿ ಪುಟಗಟ್ಟಲೆ ರಿಪೋರ್ಟ್ ಕೊಡುತ್ತವೆ. ನಿವೃತ್ತಿಯ ಹಿಂದಿನ ವರ್ಷ ನಾನೂ ಅಂಥದೊಂದನ್ನು ಹಿಡಿದು, ಸಬನೀಸ್ ಸರ್ ಇದ್ದಿದ್ದರೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು ಎಂದುಕೊಂಡೆ. ಆ ರಿಪೋರ್ಟುಗಳ ಎದುರಿಗೆ ಕೂತು ಪಾಸೋ ಫೇಲೋ ಎಂದು ಕೇಳುವವರು ಇಂದಿಗೂ ಬರುತ್ತಾರೆ. ಯಂತ್ರ ಎಷ್ಟು ಓದಿದರೂ ಮದುವೆಯಲ್ಲಿ ಸೋದರಮಾವ ಯಾರು ನಿಂತದ್ದೆಂದು ನೀವೇ ಕೇಳಬೇಕು.

ಶಶಿಕಲಾಳ ರಿಪೋರ್ಟ್ ಬಂದ ದಿನ ನಾನು ಪಕ್ಕದ ಮೇಜಿನಲ್ಲೇ ಇದ್ದೆ. ಮಗು ವಾಹಕ. ಕಾಯಿಲೆ ಇಲ್ಲ. ಅಂಕಿತಾ ಮಾತಿಗೆ ಮೊದಲು ಆ ಹಳೆಯ ಹಾಳೆಯನ್ನೇ ಹೊರತೆಗೆದು ಅವರ ಮುಂದಿಟ್ಟಳು. ಅದ್ವಿತ್‌ನ ಚೌಕದ ಮೇಲೆ ಗೀಟು ಇರಲಿಲ್ಲ, ಕೆಳಗೆ ಹೆಸರಿತ್ತು. ಅವಳು ಕೆಳಗಿನ ಸಾಲಿನ ಬಲತುದಿಯಲ್ಲಿ ಒಂದು ವಜ್ರ ಬರೆದು ಅರ್ಧ ತುಂಬಿದಳು. ಶಶಿಕಲಾ ಹಾಳೆಯ ಮೇಲೆ ಬಗ್ಗಿದಳು. ಮೇಲಿನ ಅರ್ಧ ಚೌಕ, ಅರ್ಧ ವೃತ್ತ, ಕೆಳಗಿನ ಅರ್ಧ ವಜ್ರ. ಬೆರಳಿಟ್ಟು ಒಂದೊಂದನ್ನೇ ನೋಡಿದಳು.

"ಅಂದ್ರೆ ನಮ್ಮ ಹಾಗೇ?"

"ನಿಮ್ಮ ಹಾಗೇ ಅಕ್ಕ."

ಜಯರಾಮ ಎದ್ದು ಕಿಟಕಿಯ ಕಡೆ ತಿರುಗಿ ನಿಂತ. ಅವನ ಬೆನ್ನು ಅಲುಗುತ್ತಿತ್ತು. ನನ್ನ ಕಣ್ಣೂ ಮಂಜಾಗಿ ಹಾಳೆ ಸರಿಯಾಗಿ ಕಾಣಿಸಲಿಲ್ಲ. ಅಂದಿನಿಂದ ನಮ್ಮ ಕೇಂದ್ರದಲ್ಲಿ ಮನೆಯವರು ಎದ್ದುಹೋದ ಮೇಲೆಯೇ ಅಡ್ಡ ಗೀಟು ಹಾಕುವುದು, ಅವರ ಎದುರಿಗೆ ಯಾರೂ ಹಾಕುವುದಿಲ್ಲ. ಯಾವ ಪುಸ್ತಕದಲ್ಲೂ ಈ ನಿಯಮವಿಲ್ಲ, ನೀವು ಉಳಿಸಿಕೊಳ್ಳಿ.

ಶಶಿಕಲಾ ಮಾತ್ರ ಅಳಲಿಲ್ಲ. ಅವಳ ಬೆರಳು ಅದ್ವಿತ್‌ನ ಚೌಕಕ್ಕೂ ಆ ವಜ್ರಕ್ಕೂ ನಡುವೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ನಿಂತಿತ್ತು. ಅಂಕಿತಾಳ ಪೆನ್ನನ್ನು ಎತ್ತಿ ಅವಳ ಕೈಗೇ ಕೊಟ್ಟಳು.

"ಇಷ್ಟು ದೂರ ಎಂತಕ್ಕೆ ಬರೆದದ್ದು? ಅಳಿಸಿ ಹತ್ತಿರ ಬರಿ. ಇವನು ಅದಕ್ಕೆ ಅಣ್ಣ ಅಲ್ವಾ?"